ಟರ್ನ್‌ಟೇಬಲ್ ಅಡಿಗೆ ಇಷ್ಟು ದಪ್ಪ ದಿಮ್ಮಿ ಯಾಕೆ ಮಾರಾಯ?

ಸೋಮವಾರಪೇಟೆ ಹತ್ರ ಇರೋ ನಮ್ಮನೆಗೆ ಬಂದೋರೆಲ್ಲ ಕೇಳೋದು ಇದೊಂದೇ. ಹಳೇ ರೆಕಾರ್ಡ್ ಪ್ಲೇಯರ್ ಡೆನಾನ್ ಡಿಪಿ-80, ಅದರ ಅಡಿಗೆ ನಾನೇ ಮಾಡಿದ ಹನ್ನೆರಡು ಕೆಜಿ ಪ್ಲೈವುಡ್ ದಿಮ್ಮಿ, ಇದರಿಂದ ಸೌಂಡ್ ನಿಜವಾಗ್ಲೂ ಬದಲಾಗುತ್ತಾ ಇಲ್ಲ ಸುಮ್ನೆ ಶೋಕಿನಾ ಅಂತ.

ಬದಲಾಗುತ್ತೆ, ಆದ್ರೆ ಬರೀ ಭಾರದಿಂದ ಅಲ್ಲ. ಇದು ಡೈರೆಕ್ಟ್ ಡ್ರೈವ್, ಇದ್ರಲ್ಲಿ ಬೆಲ್ಟ್ ಇರಲ್ಲ, ಮೋಟರ್ ನೇರ ಪ್ಲ್ಯಾಟರ್ (ರೆಕಾರ್ಡ್ ಕೂರೋ ತಟ್ಟೆ) ಅಡಿಗೇ ಕೂತಿರುತ್ತೆ, 1970ರ ಸುಮಾರಿಗೆ ಇದೇ ಥರದ ಟೆಕ್ನಿಕ್ಸ್ ಎಸ್‌ಪಿ-10 ಬಂದಾಗಿಂದ ಕಥೆ ಇದೇ, ಮೋಟರ್ ಪ್ಲ್ಯಾಟರ್‌ನ ಒಂದ್ಕಡೆ ತಿರುಗಿಸಿದ್ರೆ ಅಷ್ಟೇ ಬಲದಲ್ಲಿ ತಾನು ಕೂತಿರೋ ಪೆಟ್ಟಿಗೆನ ಇನ್ನೊಂದ್ಕಡೆ ತಳ್ಳುತ್ತೆ. ಸೂಜಿಗೆ ಹಾಡು ಯಾವ್ದು ಅದುರು ಯಾವ್ದು ಅಂತ ಗೊತ್ತಾಗಲ್ಲ. ರೆಕಾರ್ಡಿಗೂ ಸೂಜಿ ಹಿಡಿದಿರೋ ಆರ್ಮ್ ಬುಡಕ್ಕೂ ನಡುವೆ ಕೂದಲೆಳೆಗಿಂತ ಕಮ್ಮಿ ಅಲುಗಾಡಿದ್ರೂ ಅದೂ ಹಾಡೇ ಅದಕ್ಕೆ. ಹಾಗಾಗಿ ಮೋಟರ್, ಆರ್ಮ್ ಎರಡೂ ಒಂದೇ ಗಟ್ಟಿ, ಸದ್ದಿಲ್ಲದ ತುಂಡಿನ ಮೇಲೆ ಬಿಗಿಯಾಗಿ ಕೂರ್ಬೇಕು, ಭಾರ ತಾನಾಗೇ ಬರುತ್ತೆ. ಡಿಪಿ-80, ಎಸ್‌ಪಿ-10 ಥರದವು ಬರೀ ಮೋಟರ್ ಯೂನಿಟ್ ಆಗೇ ಸಿಗ್ತಿದ್ವು, ಪ್ಲಿಂಥ್, ಅಂದ್ರೆ ಅಡಿಗಿನ ಪೆಟ್ಟಿಗೆ, ನಿಮ್ಮ ತಲೆನೋವು.

ಮೊದ್ಲು ನಾನೂ ದಡ್ಡತನ ಮಾಡ್ದೆ. ಮನೇಲಿ ಹಲಸಿನ ಹಲಗೆ ಇತ್ತು, ಅಜ್ಜನ ಕಾಲದ್ದು, ಪಾಲಿಶ್ ಹೊಡೆದ್ರೆ ಚಿನ್ನದ ಬಣ್ಣ, ಬೇಸಿಗೇಲಿ ಸೂಪರ್. ಕಕ್ಕಡದ (ಜುಲೈ-ಆಗಸ್ಟ್) ಮಳೆ ಹಿಡೀತು ನೋಡಿ, ಹದಿನೈದು ದಿನ ಬಟ್ಟೆನೇ ಒಣಗಿಲ್ಲ, ಹಲಗೆ ಒಣಗುತ್ತಾ? ಸ್ಪಿರಿಟ್ ಲೆವೆಲ್ ಪ್ಲ್ಯಾಟರ್ ಮೇಲಿಟ್ರೆ ಗುಳ್ಳೆ ನಡುವಲ್ಲಿ, ಆರ್ಮ್ ಹತ್ರ ಇಟ್ರೆ ಗೆರೆ ದಾಟಿ ಮೂಲೇಲಿ. ಹಲಗೆ ಬಟ್ಟಲಾಗಿತ್ತು. ಕಡಪ ಕಲ್ಲೂ ಟ್ರೈ ಮಾಡ್ದೆ, ಬೆರಳಲ್ಲಿ ತಟ್ಟಿದ್ರೆ ದೇವಸ್ಥಾನದ ಗಂಟೆ.

ಕೊನೆಗೆ 18 ಎಂಎಂ ಮರೈನ್ ಪ್ಲೈ ಐದು ಪದರ, 55ಕ್ಕೆ 45 ಸೆಂಟಿಮೀಟರ್, ಒಂದೊಂದಕ್ಕೂ ಅಂಟು ಹಾಕಿ ರಾತ್ರಿಯೆಲ್ಲ ಕ್ಲ್ಯಾಂಪು. ಪ್ಲೈಯಲ್ಲಿ ಎಳೆಗಳು ಅಡ್ಡಡ್ಡ ಇರೋದ್ರಿಂದ ಮಳೆಗೆ ಅಷ್ಟಾಗಿ ಸೊಟ್ಟ ಆಗಲ್ಲ. ಆರ್ಮ್‌ನ ತೂತು ಕೊರೆಯೋವಾಗ ಮಾತ್ರ ಅವಸರ ಬೇಡ, ಸ್ಪಿಂಡಲ್‌ನಿಂದ (ಪ್ಲ್ಯಾಟರ್ ನಡುವಿನ ಕಡ್ಡಿ) ಪಿವಟ್‌ಗೆ (ಆರ್ಮ್ ತಿರುಗೋ ಜಾಗ) ಆ ಆರ್ಮ್‌ಗೆ ಹೇಳಿರೋ ಅಳತೆನೇ ಬರ್ಬೇಕು, ಅರ್ಧ ಎಂಎಂ ತಪ್ಪಿದ್ರೂ ಆಮೇಲೆ ಒದ್ದಾಟ. ಹಾಂ, ಜಪಾನ್‌ದು 100 ವೋಲ್ಟ್, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ದೆ ನಮ್ಮ 230ಕ್ಕೆ ಚುಚ್ಚಿದ್ರೆ ಹೊಗೆನೇ.

ನಿಮ್ಮದಕ್ಕೆ ಬೇಕಾ ಬೇಡ್ವಾ ಅಂತ ನೋಡೋದು ಸುಲಭ. ಮೋಟರ್ ಆಫ್ ಮಾಡಿ, ನಿಂತಿರೋ ರೆಕಾರ್ಡ್ ಮೇಲೆ ಸೂಜಿ ಇಳಿಸಿ, ವಾಲ್ಯೂಮ್ ಸ್ವಲ್ಪ ಏರಿಸಿ, ಪೆಟ್ಟಿಗೆನ ಗೆಣ್ಣಲ್ಲಿ ಮೆಲ್ಲ ತಟ್ಟಿ. ಹಳೇ ಹಲಗೇಲಿ ಸ್ಪೀಕರ್‌ನಿಂದ ಧೊಂಯ್ ಅಂತ ಬಂದು ಸ್ವಲ್ಪ ಹೊತ್ತು ಉಳೀತಿತ್ತು, ಈಗ ಟಕ್ ಅಂತ ಸಣ್ಣಗೆ ಬಂದು ಅಲ್ಲೇ ಸಾಯುತ್ತೆ. ಹಾಡಲ್ಲಿ ಗೊತ್ತಾಗೋದು ಬೇಸ್‌ನಲ್ಲಿ, ಮೃದಂಗದ ಎಡಗೈ ಏಟು ಬಿಡಿಬಿಡಿಯಾಗಿ ಕೇಳುತ್ತೆ.

ಆದ್ರೆ ಮರದ ಅಟ್ಟದ ಮೇಲೆ ಸ್ಟ್ಯಾಂಡ್ ಇಟ್ಟಿದ್ರೆ ಯಾವ ದಿಮ್ಮಿಯೂ ಕಾಪಾಡಲ್ಲ, ಯಾರಾದ್ರೂ ನಡೆದ್ರೆ ಸೂಜಿ ಹಾರುತ್ತೆ. ಮೊದ್ಲು ಗೋಡೆಗೆ ಶೆಲ್ಫ್ ಹೊಡೀರಿ, ಪ್ಲೈ ಆಮೇಲೆ ತಗೊಳ್ಳಿ.