ಅಡಿಯಲ್ಲಿ ಸಿಕ್ಕಾದರೆ ಮೇಲಿನ ದಾರ ನೋಡಿ

"ಮಷಿನ್ ಹಳತಾಯ್ತು, ಇನ್ನು ಗುಜರಿಗೇ ಲಾಯಕ್ಕು." ಈ ವಾರ ಕೇಳಿದ ಈ ಮಾತು ಇನ್ನೂ ಕೊರೆಯುತ್ತಿದೆ. ಹೇಳಿದವರ ಮುಂದಿದ್ದದ್ದು ಕಾಲಲ್ಲಿ ತುಳಿಯುವ ಗಟ್ಟಿಮುಟ್ಟಾದ ಕಬ್ಬಿಣದ ಹೊಲಿಗೆ ಯಂತ್ರ, ಯಾರೋ ಬಳಸಿ ಬಿಟ್ಟ ಹತ್ತಿಯ ಪರದೆ, ಅದರಿಂದ ಅರ್ಧ ಹೊಲಿದ ಸ್ಕರ್ಟ್. ಹೊಲಿಗೆ ಮೇಲೆ ನೇರವಾಗಿಯೇ ಇತ್ತು. ತಿರುವಿದರೆ ಅಡಿಯೆಲ್ಲ ದಾರದ ಸಿಕ್ಕು.

ಜೊತೆಗಿದ್ದವರು "ಬಾಬಿನ್ನೇ ಕೆಟ್ಟಿರಬೇಕು" ಎನ್ನುತ್ತ, ಅಡಿದಾರ ಸುತ್ತಿದ ಬಾಬಿನ್ ಕೂರುವ ಕೇಸಿನ ಪುಟ್ಟ ಸ್ಕ್ರೂ ತಿರುಗಿಸತೊಡಗಿದ್ದರು. ಒಳ್ಳೆಯ ಮನಸ್ಸಿನವರೇ, ಆದರೆ ಕೈಗೆ ಅವಸರ ಜಾಸ್ತಿ. ಅಡಿಯಲ್ಲಿ ಸಿಕ್ಕಾಗುವುದು ಬಹುಪಾಲು ಮೇಲಿನ ದಾರ ಸಡಿಲವಾಗಿದ್ದಾಗ. ಬಟ್ಟೆ ಒತ್ತಿ ಹಿಡಿಯುವ ಪ್ರೆಷರ್ ಫೂಟ್ ಇಳಿಸಿಕೊಂಡೇ ದಾರ ಹಾಕಿದರೆ, ದಾರಕ್ಕೆ ಬಿಗಿ ಕೊಡುವ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಕೂರುವುದಿಲ್ಲ. ಬಾಬಿನ್ ಸುತ್ತ ಮೇಲಿನ ದಾರ ಸುತ್ತಿಸುವ ಶಟಲ್ ಎಳೆದುಕೊಂಡ ಕುಣಿಕೆಯನ್ನು ಮತ್ತೆ ಬಿಗಿಯಾಗಿ ಮೇಲೆ ಎಳೆದುಕೊಳ್ಳಲು ಆಗದೆ ದಾರ ಕೆಳಗೇ ಗುಂಪಾಗುತ್ತದೆ. ಫೂಟ್ ಎತ್ತಿ ಮೊದಲಿಂದ ದಾರ ಹಾಕಿ, ಫೂಟ್ ಇಳಿಸಿ ಎಳೆದು ನೋಡಬೇಕು. ಬಿಗಿ ಹತ್ತಿದರೆ ಸರಿ. ಬಿಲ್ಲೆಗಳ ನಡುವೆ ಹಳೆಯ ದಾರದ ಚೂರು, ಧೂಳು ಇದ್ದರೂ ಇದೇ ತೊಂದರೆ.

ಆಮೇಲೆ ಸೂಜಿ. ಉದ್ದ ಗೀರು ಇರುವ ಕಡೆಯಿಂದಲೇ ದಾರ ಪೋಣಿಸಬೇಕು. ಸೂಜಿ ತಿರುಗಿ ಕೂತಿದ್ದರೆ ಹೊಲಿಗೆ ತಪ್ಪುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಮಧ್ಯಮ ದಪ್ಪದ ಹತ್ತಿಗೆ 14ನೇ ನಂಬರ್, ತೆಳು ಬಟ್ಟೆಗೆ 11. ಮೊದಲ ನಾಲ್ಕೈದು ಹೊಲಿಗೆ ಬೀಳುವ ತನಕ ಎರಡೂ ದಾರದ ತುದಿ ಹಿಂದಕ್ಕೆ ಹಿಡಿದಿರಬೇಕು. ಪೆಡಲ್ ತುಳಿಯುವಾಗ ಚಕ್ರ ಹಿಮ್ಮುಖ ತಿರುಗಿದರೆ ದಾರ ತುಂಡಾಗುತ್ತದೆ. ಎಣ್ಣೆ ಹೊಲಿಗೆ ಯಂತ್ರದ್ದೇ ಆಗಬೇಕು, ಅಡುಗೆ ಎಣ್ಣೆ ಒಣಗಿ ಅಂಟಾಗುತ್ತದೆ. ಇಷ್ಟೂ ನೋಡದೆ ಗುಜರಿ ಎನ್ನುವುದು ಅನ್ಯಾಯ. ಬಿಚ್ಚಿ, ಒರೆಸಿ, ಮತ್ತೆ ಜೋಡಿಸಲೆಂದೇ ಮಾಡಿದ ಯಂತ್ರಗಳಿವು.

ಆ ಪರದೆಯನ್ನೂ "ಹಳೇ ಚಿಂದಿ" ಅಂದರು. ಬಳಸಿದ ಬಟ್ಟೆಗೆ ಬೇಕಾದದ್ದು ಪರೀಕ್ಷೆ. ಬೆಳಕಿಗೆ ಹಿಡಿದರೆ ಸವೆದ ಜಾಗ ಕಾಣುತ್ತದೆ. ಎರಡು ಹೆಬ್ಬೆರಳಲ್ಲಿ ಎಳೆದಾಗ ಎಳೆ ಬಿಟ್ಟುಕೊಂಡರೆ ಆ ಭಾಗ ಬೇಡ. ಹತ್ತಿಯಾದರೆ ಬಿಸಿನೀರಲ್ಲಿ ಒಗೆದು, ಇಸ್ತ್ರಿ ಮಾಡಿಯೇ ಕತ್ತರಿ ಹಾಕಬೇಕು, ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ. ಒಂದು ಅಡ್ಡ ಎಳೆ ಎಳೆದು ತೆಗೆದರೆ ನೇರ ಗೆರೆ ಸಿಗುತ್ತದೆ.

70 ಸೆಂ.ಮೀ. ಸೊಂಟಕ್ಕೆ, ಸೊಂಟಪಟ್ಟಿ ಬಿಟ್ಟು 65 ಸೆಂ.ಮೀ. ಉದ್ದದ ನೆರಿಗೆ ಸ್ಕರ್ಟಿಗೆ 75 ಅಗಲ, 70.5 ಉದ್ದದ ಎರಡು ತುಂಡು ಸಾಕು. ಹೊಲಿಗೆ ಅಂಚು ಎಲ್ಲೆಡೆ 1.5. ಸೊಂಟಪಟ್ಟಿ 76 ಉದ್ದ, 9 ಅಗಲ. ಮಡಚಿ ಹೊಲಿದರೆ 3 ಸೆಂ.ಮೀ. ಪಟ್ಟಿಯಾಗುತ್ತದೆ, ಹುಕ್ಕಿಗೆ 3 ಉಳಿಯುತ್ತದೆ. ಎಡಬದಿಯಲ್ಲಿ ಮೇಲಿನಿಂದ 18 ಸೆಂ.ಮೀ. ಬಿಟ್ಟೇ ಹೊಲಿಯಬೇಕು, ಜಿಪ್ಪಿಗೆ.

ಕೆಡುವುದು ಹೆಚ್ಚಾಗಿ ನೆರಿಗೆಯಲ್ಲಿ. ಒಂದೇ ಸಾಲು ಹಾಕಿದರೆ ನೆರಿಗೆ ಹೊರಳಾಡುತ್ತದೆ, ದಾರ ಕಡಿದರೆ ಎಲ್ಲ ಬಿಚ್ಚಿಹೋಗುತ್ತದೆ. ಅತಿ ಉದ್ದದ ಹೊಲಿಗೆಯಲ್ಲಿ, 6 ಮಿ.ಮೀ. ಅಂತರದಲ್ಲಿ ಎರಡು ಸಾಲು ಹಾಕಿ, ಎರಡರ ಬಾಬಿನ್ ದಾರವನ್ನೂ ಒಟ್ಟಿಗೆ ಎಳೆಯಬೇಕು. ಮುಂದಿನ ತುಂಡು, ಹಿಂದಿನ ತುಂಡು ಬೇರೆಬೇರೆಯಾಗಿ ನೆರಿಗೆ ಹಿಡಿದರೆ ಹಂಚಿಕೆ ಸಮನಾಗುತ್ತದೆ. ಪಟ್ಟಿಗೆ ಜೋಡಿಸುವಾಗ ನೆರಿಗೆ ಮೇಲ್ಮುಖವಾಗಿರಲಿ, ಕೆಳಗಿದ್ದರೆ ಬಟ್ಟೆ ಸರಿಸುವ ಯಂತ್ರದ ಹಲ್ಲುಗಳಿಗೆ ಸಿಕ್ಕಿ ಮಡಚಿಕೊಳ್ಳುತ್ತದೆ. ಅಡಿಯಂಚಿಗೆ 1 ಸೆಂ.ಮೀ. ಒಳಮಡಿಕೆ, ಅದರ ಮೇಲೆ 3. ಹಿಂದಕ್ಕೆ ಹೊಲಿಯುವ ಲಿವರ್ ಇಲ್ಲದ ಯಂತ್ರವಾದರೆ ತುದಿಯ ದಾರಗಳನ್ನು ಒಳಬದಿಗೆ ಎಳೆದು ಕೈಯಲ್ಲೇ ಗಂಟು ಹಾಕಿದರಾಯಿತು.