ಕಾಯಿಚಟ್ನಿಯಲ್ಲಿ ಕೋಲಿಫಾರ್ಮ್ ಎಣಿಕೆ: ಈವರೆಗಿನ ಕೆಲಸ

ಚಟ್ನಿಯಲ್ಲಿ ಕೋಲಿಫಾರ್ಮ್‌ಗಳನ್ನು (ಲ್ಯಾಕ್ಟೋಸ್ ಹುದುಗಿಸಿ ಗ್ಯಾಸ್ ಬಿಡುವ, ಶುಚಿತ್ವದ ಸೂಚಕವಾದ ಬ್ಯಾಕ್ಟೀರಿಯಾ) ಎಣಿಸುವ ವಿಧಾನಗಳನ್ನು ಹೋಲಿಸುತ್ತಿದ್ದೇನೆ. ಎಂಪಿಎನ್ (ಎಷ್ಟು ಟ್ಯೂಬಿನಲ್ಲಿ ಬೆಳೆದವು ಎಂಬುದರಿಂದ ಸಂಖ್ಯೆ ಅಂದಾಜಿಸುವ ವಿಧಾನ) ಟ್ಯೂಬುಗಳ ಕೆಲಸ ಈ ವಾರ ಮುಗಿಯಿತು, ವಿಆರ್‌ಬಿಎ (ಕೋಲಿಫಾರ್ಮ್ ಬೆಳೆಸಿ ಎಣಿಸುವ ಅಗಾರ್) ಪ್ಲೇಟುಗಳದು ಅರ್ಧಕ್ಕೆ ಬಂದಿದೆ. ಎರಡಕ್ಕೂ ಮಾದರಿ ಒಂದೇ: ಹಸಿ ತೆಂಗಿನಕಾಯಿ ಚಟ್ನಿ. ಬೇಯಿಸುವ ಹಂತವೇ ಇಲ್ಲದ್ದರಿಂದ ತುರಿದ ಕೈ, ಮಿಕ್ಸಿ ಜಾರು, ಬೆರೆಸಿದ ನೀರು ಎಲ್ಲದರ ಪಾಲೂ ಅದರಲ್ಲಿರುತ್ತದೆ. (ಕೋಲಿಫಾರ್ಮ್ ಸಿಕ್ಕಿತೆಂದರೆ ಮಲದ ಸೋಂಕು ಅಂತಲೇ ಅಲ್ಲ, ಕ್ಲೆಬ್ಸಿಯೆಲ್ಲಾ, ಎಂಟರೊಬ್ಯಾಕ್ಟರ್ ಎಂಬ ಕೋಲಿಫಾರ್ಮ್‌ಗಳು ಗಿಡಗಳ ಮೇಲೂ ಇರುತ್ತವೆ.)

ಎಂಪಿಎನ್‌ಗೆ 0.1, 0.01, 0.001 ಗ್ರಾಂ ಚಟ್ನಿ ಹೋಗುವಂತೆ ಮೂರು ಮೂರು ಎಲ್‌ಎಸ್‌ಟಿ (ಲ್ಯಾಕ್ಟೋಸ್ ಇರುವ ದ್ರವ ಮಾಧ್ಯಮ) ಟ್ಯೂಬು. 35 ಡಿಗ್ರಿಯಲ್ಲಿ 48 ಗಂಟೆಯವರೆಗೆ ಡರ್ಹಮ್ ಟ್ಯೂಬಿನಲ್ಲಿ (ಒಳಗೆ ತಲೆಕೆಳಗಾಗಿಟ್ಟ ಪುಟ್ಟ ಟ್ಯೂಬು) ಗ್ಯಾಸ್ ಬರುತ್ತದೆಯೇ ನೋಡಬೇಕು. ಬಂದದ್ದನ್ನು ಖಚಿತಪಡಿಸಲು ಬಿಜಿಎಲ್‌ಬಿ ಎಂಬ ಇನ್ನೊಂದು ದ್ರವ ಮಾಧ್ಯಮಕ್ಕೆ ಹಾಕಿ ಮತ್ತೆ 48 ಗಂಟೆ ಕಾಯಬೇಕು. ಒಂದು ಮಾದರಿಯಲ್ಲಿ 3-1-0 (ಆ ಮೂರು ಪ್ರಮಾಣಗಳಲ್ಲಿ ಕ್ರಮವಾಗಿ ಗ್ಯಾಸ್ ಬಂದ ಟ್ಯೂಬುಗಳ ಸಂಖ್ಯೆ) ಬಂತು. ಕೋಷ್ಟಕದ ಪ್ರಕಾರ ಗ್ರಾಂಗೆ 43. ಪಕ್ಕದಲ್ಲೇ ಇರುವ ಶೇ 95ರ ವಿಶ್ವಾಸ ಮಿತಿ 9ರಿಂದ 180! ನಾಲ್ಕು ದಿನ ಕಾದು ಸಿಕ್ಕ ಈ ಸಂಖ್ಯೆಯನ್ನು ಎದೆ ತಟ್ಟಿ ಹೇಳಲಾರೆ.

ಅದೇ ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿ ಹಾಕಿದ (1:10) ವಿಆರ್‌ಬಿಎ ಪ್ಲೇಟಿನಲ್ಲಿ 4 ಕಾಲೊನಿ, ಅಂದರೆ ಗ್ರಾಂಗೆ 40. ಲೆಕ್ಕ ಕೂಡಿದಂತೆ ಕಾಣುತ್ತದೆ, ಆದರೆ 4 ಎಂಬುದು 25ರಿಂದ 250ರ ಎಣಿಕೆ ವ್ಯಾಪ್ತಿಯಿಂದ ಎಷ್ಟೋ ಕೆಳಗೆ. ಗ್ರಾಂಗೆ 10ಕ್ಕಿಂತ ಕಡಿಮೆ ಇದ್ದರಂತೂ ಈ ಪ್ಲೇಟಿನ ಲೆಕ್ಕಕ್ಕೇ ಸಿಗದು. ಟ್ಯೂಬುಗಳು 3ರವರೆಗೆ ಇಳಿಯುತ್ತವೆ. ಇಷ್ಟು ಕಡಿಮೆ ಇರುವ ಕಡೆ ನನ್ನ ಮತ ಟ್ಯೂಬಿಗೇ.

ವಿಆರ್‌ಬಿಎಯಲ್ಲಿ ಇನ್ನೊಂದು ತೊಡಕು. ಅದರ ಕ್ರಿಸ್ಟಲ್ ವಯೊಲೆಟ್, ಪಿತ್ತ ಲವಣಗಳು ಗ್ರಾಂ-ಪಾಸಿಟಿವ್ ಎಂಬ ಬೇರೆ ಗುಂಪಿನ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ, ಲ್ಯಾಕ್ಟೋಸ್ ಹುದುಗಿಸುವವು ನೇರಳೆಗೆಂಪು ಕಾಲೊನಿಯಾಗುತ್ತವೆ ಎಂಬುದು ಸರಿ. ಆದರೆ 1:10ರಲ್ಲಿ ಕಾಯಿಯ ಸ್ವಂತ ಸಕ್ಕರೆಯೂ ಪ್ಲೇಟಿಗೆ ಬರುತ್ತದೆ. ಲ್ಯಾಕ್ಟೋಸ್ ಮುಟ್ಟದವೂ ಅದನ್ನು ತಿಂದು ಕೆಂಪಾಗಬಲ್ಲವು. ಹಾಗಾಗಿ ಅನುಮಾನದ ಕಾಲೊನಿಗಳನ್ನೆಲ್ಲ ಬಿಜಿಎಲ್‌ಬಿಗೆ ಹಾಕಿ ಗ್ಯಾಸ್ ನೋಡಿಯೇ ಲೆಕ್ಕಕ್ಕೆ ಸೇರಿಸುತ್ತಿದ್ದೇನೆ.

ಮೂರನೆಯ ವಿಧಾನ ಪೆಟ್ರಿಫಿಲ್ಮ್ (ಮಾಧ್ಯಮ ಲೇಪಿಸಿದ ಸಿದ್ಧ ಹಾಳೆ) ಇನ್ನೂ ಶುರುವಾಗಿಲ್ಲ. ಅಗಾರ್ ಕಾಯಿಸುವ ಗೋಜಿಲ್ಲ, 24 ಗಂಟೆಗೆ ಫಲಿತಾಂಶ, ಕೆಂಪು ಕಾಲೊನಿಯ ಪಕ್ಕದ ಗುಳ್ಳೆಯೇ ಗ್ಯಾಸಿನ ಸಾಕ್ಷಿ. ಚಟ್ನಿಯ ಕಣಗಳು ಕಣ್ಣಿಗೆ ಅಡ್ಡ ಬರದಂತೆ ಫಿಲ್ಟರ್ ಇರುವ ಸ್ಟೊಮ್ಯಾಕರ್ (ಮಾದರಿ ಕಲಸುವ ಯಂತ್ರ) ಚೀಲ ತರಿಸಬೇಕು.

ಅದಕ್ಕೂ ಮೊದಲು ಫ್ರಿಜ್ಜಿನಲ್ಲಿಟ್ಟ ಚಟ್ನಿಯ ಸರದಿ. ಚಳಿಗೆ ಸೊರಗಿದ ಜೀವಕೋಶಗಳು ಪಿತ್ತ ಲವಣ ತಾಳದೆ ಎಣಿಕೆಯಿಂದ ತಪ್ಪಿಹೋಗುತ್ತವೆ. ಅವು ಚೇತರಿಸಿಕೊಳ್ಳಲೆಂದು ಮೊದಲು ಪಿತ್ತ ಲವಣವಿಲ್ಲದ ಟ್ರಿಪ್ಟಿಕ್ ಸೋಯ್ ಅಗಾರ್ ಸುರಿದು, ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆ ಬಿಟ್ಟು, ಮೇಲೆ ವಿಆರ್‌ಬಿಎ ಹಾಕಿ ನೇರ ಪ್ಲೇಟಿನ ಜೊತೆ ಹೋಲಿಸುತ್ತೇನೆ.