ಒಂದು ಮೇಜು, ಎರಡು ಕಂಪ್ಯೂಟರ್, ಒಂದೇ ಕೀಬೋರ್ಡ್

ಜಯನಗರದ ಆ ಮನೆಯಲ್ಲಿ ಮೇಜಿನ ಅಗಲ ನಾಲ್ಕೇ ಅಡಿ. ಮೇಲೆ ಕಚೇರಿಯವರು ಕೊಟ್ಟ ವಿಂಡೋಸ್ ಲ್ಯಾಪ್‌ಟಾಪ್, ಕೆಳಗೆ ಸ್ವಂತದ ಡೆಸ್ಕ್‌ಟಾಪ್, ನಡುವೆ 27 ಇಂಚಿನ 4ಕೆ ಮಾನಿಟರ್ ಒಂದು. ಕೀಬೋರ್ಡ್ ಎರಡು, ಮೌಸ್ ಎರಡು. ಗೆಳತಿಗೆ ಹಗಲು ಕಚೇರಿ ಕೆಲಸ, ಸಂಜೆ ಕನ್ನಡ ಪುಸ್ತಕಗಳ ಪುಟವಿನ್ಯಾಸ. ಎರಡರ ನಡುವೆ ದಿನಕ್ಕೆ ಹತ್ತು ಸಲವಾದರೂ ಮಾನಿಟರಿನ ಹಿಂದೆ ಕೈ ಹಾಕಿ ಕೇಬಲ್ ಕಿತ್ತು ಚುಚ್ಚಬೇಕು. ಒಂದು ಗುಂಡಿ ಒತ್ತಿದರೆ ಕೀಬೋರ್ಡ್, ಮೌಸ್, ಪರದೆ ಮೂರೂ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಂತೆ ಮಾಡುವುದು ಆ ಶನಿವಾರದ ಕೆಲಸ. ಅದಕ್ಕಿರುವ ಪೆಟ್ಟಿಗೆಯೇ ಕೆವಿಎಂ (ಕೀಬೋರ್ಡ್, ವಿಡಿಯೊ, ಮೌಸ್) ಸ್ವಿಚ್.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಿಂದ ತಂದ ಎರಡು ಪೋರ್ಟಿನ ಎಚ್‌ಡಿಎಂಐ ಸ್ವಿಚ್ ಆಗಲೇ ಮೇಜಿನ ಮೇಲಿತ್ತು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 4ಕೆ ಎಂದಿತ್ತು. ಸ್ವಿಚ್ ಜೋಡಿಸುವ ಮೊದಲು ಎರಡೂ ಕಂಪ್ಯೂಟರನ್ನು ಒಂದೊಂದಾಗಿ ಮಾನಿಟರಿಗೆ ನೇರವಾಗಿ ಚುಚ್ಚಿ ನೋಡಿದೆವು. ಈ ಹೆಜ್ಜೆ ಬಿಡಬೇಡಿ. ನೇರ ಚುಚ್ಚಿದಾಗ ಏನು ಬರುತ್ತದೆ ಎಂದು ತಿಳಿಯದಿದ್ದರೆ, ಆಮೇಲೆ ತಪ್ಪು ಕೇಬಲಿನದೋ ಕಂಪ್ಯೂಟರಿನದೋ ಸ್ವಿಚ್ಚಿನದೋ ಗೊತ್ತಾಗುವುದಿಲ್ಲ. ವಿಂಡೋಸಿನ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಹೋದರೆ ಮಾನಿಟರಿನ ಹೆಸರು, ರೆಸಲ್ಯೂಶನ್, ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬ ಲೆಕ್ಕ, ಹರ್ಟ್ಸಿನಲ್ಲಿ) ಎಲ್ಲವೂ ಒಂದೇ ಕಡೆ ಸಿಗುತ್ತದೆ. ನೇರ ಚುಚ್ಚಿದಾಗ ಎರಡರಲ್ಲೂ 3840×2160, 60 ಹರ್ಟ್ಸ್. ನಡುವೆ ಸ್ವಿಚ್ ಬಂದ ಕೂಡಲೇ 30 ಹರ್ಟ್ಸ್.

“ಮೌಸ್ ಎಳೆದ ಹಾಗೆ ಹೋಗ್ತಿದೆ, ನೋಡು” ಎಂದಳು ಗೆಳತಿ. ಹೌದು, ಬಾಣ ಜಾರುವ ಬದಲು ಮೆಟ್ಟಿಲಿಳಿದಂತೆ ತುಂಡು ತುಂಡಾಗಿ ಸರಿಯುತ್ತಿತ್ತು.

ಇದರ ಕಾರಣ ಲೆಕ್ಕದಲ್ಲೇ ಇದೆ. 4ಕೆ ಚಿತ್ರದ ಅಂಚಿನ ಖಾಲಿ ಜಾಗವನ್ನೂ ಸೇರಿಸಿದರೆ ಒಂದು ಚೌಕಟ್ಟಿಗೆ 4400×2250 ಪಿಕ್ಸೆಲ್. ಸೆಕೆಂಡಿಗೆ 60 ಚೌಕಟ್ಟು ಎಂದರೆ 59.4 ಕೋಟಿ ಪಿಕ್ಸೆಲ್, ಅಂದರೆ 594 ಮೆಗಾಹರ್ಟ್ಸ್. ನಾವು ತಂದ ಸ್ವಿಚ್ ಹಳೆಯ ಎಚ್‌ಡಿಎಂಐ 1.4ರದ್ದು, ಅದರ ಮಿತಿ 340 ಮೆಗಾಹರ್ಟ್ಸ್. 30 ಹರ್ಟ್ಸಿಗೆ ಬೇಕಾಗುವುದು 297, ಅದಷ್ಟೇ ಅದರಲ್ಲಿ ಹಿಡಿಸುತ್ತದೆ. ಡಬ್ಬದವರು 4ಕೆ ಎಂದದ್ದು ಸುಳ್ಳೂ ಅಲ್ಲ, ಆದರೆ ಕೊಳ್ಳುವವರಿಗೆ ಬೇಕಾದ ಮಾಹಿತಿ ಅದರಲ್ಲಿ ಇಲ್ಲ. ಅಂಗಡಿಯಲ್ಲಿ “4ಕೆ ಬರುತ್ತಾ?” ಎಂದು ಕೇಳಬೇಡಿ. “4ಕೆ 60 ಹರ್ಟ್ಸ್, 4:4:4 ಬರುತ್ತಾ? ಎಚ್‌ಡಿಎಂಐ 2.0 ತಾನೆ? 18 ಗಿಗಾಬಿಟ್ ಇದೆಯಾ?” ಎಂದು ಕೇಳಿ.

ಆ 4:4:4ರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪ್ರತಿ ಪಿಕ್ಸೆಲಿಗೂ ಅದರದ್ದೇ ಬಣ್ಣ ಬರುವುದು 4:4:4. ಕೆಲವು ಸ್ವಿಚ್‌ಗಳು 60 ಹರ್ಟ್ಸ್ ಕೊಡುತ್ತವೆ, ಆದರೆ 4:2:0 ರೂಪದಲ್ಲಿ. ಪ್ರತಿ ಪಿಕ್ಸೆಲಿಗೂ ಅದರ ಬೆಳಕು ಬರುತ್ತದೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲಿಗೆ ಒಂದೇ. ಸಿನಿಮಾ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಅಕ್ಷರದ ಜೊತೆ ಕೆಲಸ ಮಾಡುವವರಿಗೆ ಕಣ್ಣಿಗೆ ಚುಚ್ಚುತ್ತದೆ. ಪರೀಕ್ಷೆ ಸುಲಭ: ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಬಣ್ಣದಲ್ಲಿ ಸಣ್ಣ ಗಾತ್ರದಲ್ಲಿ “ಸ್ವಾತಂತ್ರ್ಯ” ಎಂದು ಬರೆಯಿರಿ. ವ, ರ, ಯ ಮೂರರ ಒತ್ತಕ್ಷರಗಳೂ ಬಿಡಿಬಿಡಿಯಾಗಿ ಕಂಡರೆ ಸರಿ. ಅಂಚು ಕರಗಿ ಒಂದಕ್ಕೊಂದು ಮೆತ್ತಿಕೊಂಡಿದ್ದರೆ ಬಣ್ಣದ ಮಾಹಿತಿ ಕತ್ತರಿಸಿ ಹೋಗಿದೆ ಎಂದರ್ಥ. ಪುಟವಿನ್ಯಾಸ ಮಾಡುವವರು ಅಂಥ ಸ್ವಿಚ್ಚನ್ನು ಮೇಜಿನ ಮೇಲೆ ಇಡಲೇಬಾರದು.

ಹೊಸ ಸ್ವಿಚ್ ತರುವ ಮುಂಚೆ ಅಗ್ಗದ ದಾರಿಯೊಂದನ್ನು ನೋಡಿದೆವು. ಮಾನಿಟರ್ ಒಂದೇ ಇದ್ದು, ಅದಕ್ಕೆ ಎರಡು ಇನ್‌ಪುಟ್ ಇದ್ದರೆ ಇಡೀ ಕೆವಿಎಂ ಬೇಕೆಂದೇನಿಲ್ಲ. ಲ್ಯಾಪ್‌ಟಾಪನ್ನು ಎಚ್‌ಡಿಎಂಐಗೆ, ಡೆಸ್ಕ್‌ಟಾಪನ್ನು ಡಿಸ್‌ಪ್ಲೇಪೋರ್ಟಿಗೆ ಚುಚ್ಚಿ, ಕೀಬೋರ್ಡ್ ಮೌಸಿಗೆ ಮಾತ್ರ ಒಂದು ಯುಎಸ್‌ಬಿ ಸ್ವಿಚ್ ಇಟ್ಟರೆ ಸಾಕು. ಚಿತ್ರ ಸ್ವಿಚ್ಚಿನ ಮೂಲಕ ಹಾದುಹೋಗುವುದೇ ಇಲ್ಲವಾದ್ದರಿಂದ ಅದು ಕೆಡುವ ಮಾತೂ ಇಲ್ಲ. 144 ಹರ್ಟ್ಸ್, ಅದಕ್ಕೂ ಮೇಲಿನ ಮಾನಿಟರ್ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾನಿಟರಿನ ಇನ್‌ಪುಟ್ಟನ್ನು ಅದರ ಗುಂಡಿಯಿಂದ ಬದಲಿಸಬಹುದು, ಕಂಪ್ಯೂಟರಿನಿಂದಲೂ ಬದಲಿಸಬಹುದು. ಡಿಡಿಸಿ/ಸಿಐ ಎಂಬ ವ್ಯವಸ್ಥೆ ವಿಡಿಯೊ ಕೇಬಲಿನಲ್ಲೇ ಮಾನಿಟರಿಗೆ ಆಜ್ಞೆ ಕಳಿಸುತ್ತದೆ. ಇನ್‌ಪುಟ್ ಬದಲಿಸುವ ಸಂಕೇತ ಹೆಕ್ಸಾದಲ್ಲಿ (ಹದಿನಾರರ ಎಣಿಕೆಯಲ್ಲಿ) 60; ಮಾಮೂಲಿ ಹತ್ತರ ಎಣಿಕೆಯಲ್ಲಿ ಸಾಮಾನ್ಯವಾಗಿ ಮೊದಲ ಡಿಸ್‌ಪ್ಲೇಪೋರ್ಟಿಗೆ 15, ಮೊದಲ ಎಚ್‌ಡಿಎಂಐಗೆ 17 ಎಂಬ ಬೆಲೆ ಕೊಡಬೇಕು. ಯುಎಸ್‌ಬಿ ಸ್ವಿಚ್ ಒತ್ತಿದಾಗ ಕೀಬೋರ್ಡ್ ಬಂದದ್ದನ್ನೋ ಹೋದದ್ದನ್ನೋ ಗಮನಿಸಿ ಈ ಆಜ್ಞೆ ತಾನಾಗಿ ಕಳಿಸುವ ಉಚಿತ ತಂತ್ರಾಂಶಗಳೂ ಇವೆ.

ಡೆಸ್ಕ್‌ಟಾಪಿನಿಂದ 17 ಕಳಿಸಿದೆವು, ಪರದೆ ಲ್ಯಾಪ್‌ಟಾಪಿಗೆ ಹೋಯಿತು. ಡೆಸ್ಕ್‌ಟಾಪಿನಿಂದಲೇ 15 ಕಳಿಸಿ ಹಿಂದಕ್ಕೆ ಕರೆದರೆ ಏನೂ ಆಗಲಿಲ್ಲ. ಆ ಹೊತ್ತಿಗೆ ಪರದೆಯಲ್ಲಿ ಯಾವ ಇನ್‌ಪುಟ್ ಇದೆಯೋ ಅದರ ಮಾತನ್ನಷ್ಟೇ ಕೇಳುವ ಮಾನಿಟರ್‌ಗಳಿವೆ, ಇದು ಅಂಥದ್ದು. ಹಾಗಾದರೆ ಹಿಂದಿರುಗುವ ಆಜ್ಞೆ ಲ್ಯಾಪ್‌ಟಾಪಿನಿಂದಲೇ ಹೋಗಬೇಕು. ಅದು ಕಚೇರಿಯದ್ದು, ಹೊರಗಿನ ತಂತ್ರಾಂಶ ಹಾಕುವಂತಿಲ್ಲ. ನೆಟ್‌ವರ್ಕ್ ಮೂಲಕ ಒಂದೇ ಮೌಸನ್ನು ಎರಡು ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶಗಳಿಗೂ ಇದೇ ತಡೆ. ಲ್ಯಾಪ್‌ಟಾಪನ್ನು ಕಚೇರಿ ನೆಟ್‌ವರ್ಕಿಗೆ ಜೋಡಿಸುವ ವಿಪಿಎನ್ ಮನೆಯ ನೆಟ್‌ವರ್ಕನ್ನು ಮುಚ್ಚಿಬಿಟ್ಟರೆ ಅಲ್ಲಿಗೂ ಮುಗಿಯಿತು. ಪೂರ್ತಿ ಕೆವಿಎಂ ಬೇಕೇ ಬೇಕು ಎಂಬುದು ಹೀಗೆ ಖಚಿತವಾಯಿತು.

ಮಧ್ಯಾಹ್ನ ಹಳೆಯದನ್ನು ಕೊಟ್ಟು, ವ್ಯತ್ಯಾಸದ ಹಣ ಸೇರಿಸಿ ಬೇರೆಯದು ತಂದೆವು. ಎಚ್‌ಡಿಎಂಐ 2.0, ಇಡಿಐಡಿ ಎಮ್ಯುಲೇಶನ್ ಇರುವಂಥದ್ದು, ಪ್ರತ್ಯೇಕ 5 ವೋಲ್ಟ್ ಅಡಾಪ್ಟರ್, ತಂತಿಯ ತುದಿಯಲ್ಲೊಂದು ಗುಂಡಿ.

ಇಡಿಐಡಿ ಎಂದರೆ ಮಾನಿಟರಿನ ಗುರುತಿನ ಚೀಟಿ. 128 ಬೈಟಿನ ಮೂಲ ಭಾಗ, ಅದರ ಹಿಂದೆ ಹೆಚ್ಚಿನ ವಿವರದ ಭಾಗ. ನಾನು ಯಾರು, ಯಾವ ರೆಸಲ್ಯೂಶನ್ ತೋರಿಸಬಲ್ಲೆ ಎಂದು ಮಾನಿಟರ್ ಕಂಪ್ಯೂಟರಿಗೆ ಹೇಳುವುದು ಇದರಿಂದ. ಸಾದಾ ಸ್ವಿಚ್ಚಿನಲ್ಲಿ ಆ ಕಡೆಗೆ ಹೋದ ಕೂಡಲೇ ಈ ಕಡೆಯ ಕಂಪ್ಯೂಟರ್ ಮಾನಿಟರ್ ಕಿತ್ತರು ಎಂದುಕೊಳ್ಳುತ್ತದೆ. ತೆರೆದಿಟ್ಟ ವಿಂಡೋಗಳೆಲ್ಲ ಲ್ಯಾಪ್‌ಟಾಪಿನ ಸಣ್ಣ ಪರದೆಗೆ ಬಂದು ಗುಡ್ಡೆ ಬೀಳುತ್ತವೆ. ಎಮ್ಯುಲೇಶನ್ ಇದ್ದರೆ ಸ್ವಿಚ್ಚೇ ಆ ಚೀಟಿಯನ್ನು ಹಿಡಿದು ನಿಲ್ಲುತ್ತದೆ, ಕಂಪ್ಯೂಟರಿಗೆ ಮಾನಿಟರ್ ಹೋದದ್ದೇ ತಿಳಿಯುವುದಿಲ್ಲ. ಇದರಲ್ಲೂ ಒಂದು ಕೊಕ್ಕೆ ಇದೆ. ಕೆಲವು ಸ್ವಿಚ್‌ಗಳು ನಿಮ್ಮ ಮಾನಿಟರಿನ ಚೀಟಿಯನ್ನು ನಕಲು ಮಾಡಿಕೊಳ್ಳದೆ, ಕಾರ್ಖಾನೆಯಲ್ಲಿ ಬರೆದಿಟ್ಟ ತಮ್ಮದೇ ಚೀಟಿ ತೋರಿಸುತ್ತವೆ. ಅಡ್ವಾನ್ಸ್‌ಡ್ ಡಿಸ್‌ಪ್ಲೇಯಲ್ಲಿ ನಿಮ್ಮ ಮಾನಿಟರಿನ ಹೆಸರೇ ಬರುತ್ತಿದೆಯೋ ನೋಡಿ. ಬೇರೆ ಹೆಸರು ಬಂದರೆ, ಸರಿಯಾದ ರೆಸಲ್ಯೂಶನ್ ಪಟ್ಟಿಯಲ್ಲಿ ಕಾಣದೇ ಹೋಗಬಹುದು. ಎಮ್ಯುಲೇಶನ್ ಇಲ್ಲದ ಸ್ವಿಚ್ ಈಗಾಗಲೇ ಕೊಂಡವರು ವಿಂಡೋಸ್ 11ರಲ್ಲಿ ಮಲ್ಟಿಪಲ್ ಡಿಸ್‌ಪ್ಲೇಸ್ ಕೆಳಗೆ, ಮಾನಿಟರ್ ಸಂಪರ್ಕಕ್ಕೆ ತಕ್ಕಂತೆ ವಿಂಡೋಗಳ ಜಾಗ ನೆನಪಿಡುವ ಆಯ್ಕೆಯನ್ನು ಗುರುತು ಮಾಡಿಕೊಂಡರೆ ಕಾಟ ಬಹಳಷ್ಟು ಕಡಿಮೆಯಾಗುತ್ತದೆ.

ಕೇಬಲ್ ವಿಷಯ ಬೇಗ ಹೇಳಿಬಿಡುತ್ತೇನೆ. ಕಂಪ್ಯೂಟರಿನಿಂದ ಸ್ವಿಚ್, ಸ್ವಿಚ್ಚಿನಿಂದ ಮಾನಿಟರ್, ಎರಡನ್ನೂ ಕೂಡಿಸಿ ಉದ್ದ ಲೆಕ್ಕ ಹಾಕಬೇಕು. ಒಟ್ಟು ಮೂರು ಮೀಟರ್ ದಾಟದಿದ್ದರೆ ನೆಮ್ಮದಿ. 18 ಗಿಗಾಬಿಟ್ಟಿಗೆ ‘ಪ್ರೀಮಿಯಂ ಹೈ ಸ್ಪೀಡ್’ ಚೀಟಿ ಅಂಟಿಸಿದ ಕೇಬಲ್ ಕೊಳ್ಳಿ. ಆಗಾಗ ಒಂದು ಕ್ಷಣ ಪರದೆ ಕಪ್ಪಾಗಿ ಮತ್ತೆ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಕೇಬಲನ್ನೇ.

ಹೆಚ್ಚು ಹೊತ್ತು ತಿಂದದ್ದು ಕೀಬೋರ್ಡ್. ಸ್ವಿಚ್ಚಿನಲ್ಲಿ ಕೀಬೋರ್ಡ್, ಮೌಸ್ ಚಿತ್ರವಿರುವ ಎರಡು ಪೋರ್ಟ್, ಬರೀ ಯುಎಸ್‌ಬಿ ಗುರುತಿನ ಇನ್ನೆರಡು. ನೋಡಲು ನಾಲ್ಕೂ ಒಂದೇ ಥರ, ಒಳಗೆ ಬೇರೆ ಬೇರೆ. ಚಿತ್ರವಿರುವ ಪೋರ್ಟಿನಲ್ಲಿ ಸ್ವಿಚ್ ಕೀಬೋರ್ಡನ್ನು ತಾನು ಓದಿಕೊಂಡು, ಎರಡೂ ಕಂಪ್ಯೂಟರಿಗೆ ಸದಾ ಒಂದು ಸಾದಾ ಕೀಬೋರ್ಡಾಗಿ ನಟಿಸುತ್ತದೆ. ಹಾಗಾಗಿ ಬದಲಾವಣೆ ತಕ್ಷಣ ಆಗುತ್ತದೆ, ಕೀಬೋರ್ಡಿನಿಂದಲೇ ಕಂಪ್ಯೂಟರ್ ಬದಲಿಸುವ ಹಾಟ್‌ಕೀಯೂ ಕೆಲಸ ಮಾಡುತ್ತದೆ. ಆದರೆ ಮೌಸಿನ ಹೆಚ್ಚುವರಿ ಗುಂಡಿಗಳು ಸತ್ತುಹೋಗಬಹುದು. ಎಷ್ಟು ಕೀ ಒಟ್ಟಿಗೆ ಒತ್ತಿದರೂ ಕಳಿಸುವ ಮೆಕ್ಯಾನಿಕಲ್ ಕೀಬೋರ್ಡ್‌ಗಳು ಕೆಲವೊಮ್ಮೆ ಅಲ್ಲಿ ಉಸಿರೇ ಎತ್ತುವುದಿಲ್ಲ. ಆರು ಕೀಗಳ ಮೋಡ್ ಇದ್ದರೆ ಅದಕ್ಕೆ ಹಾಕಿ ನೋಡಬೇಕು.

ಇಲ್ಲಿ ಎದುರಾದ ತೊಂದರೆ ಬೇರೆ. ಆ ಸ್ವಿಚ್ಚಿನ ಹಾಟ್‌ಕೀ, ಬಹಳಷ್ಟು ಕೆವಿಎಂಗಳಲ್ಲಿರುವಂತೆ, ಸ್ಕ್ರಾಲ್ ಲಾಕನ್ನು ಎರಡು ಸಲ ಒತ್ತುವುದು. ಬೇರೆ ಯಾರಿಗೂ ಬೇಡವಾದ ಕೀ ಎಂದು ತಯಾರಕರು ಅದನ್ನು ಆರಿಸಿದ್ದಾರೆ. ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದಲ್ಲಿ ಕನ್ನಡ–ಇಂಗ್ಲಿಷ್ ಬದಲಿಸಲು ಗೆಳತಿ ಒತ್ತುವುದೂ ಅದನ್ನೇ. ವಾಕ್ಯದ ನಡುವೆ ಒಂದು ಇಂಗ್ಲಿಷ್ ಅಕ್ಷರ ಹಾಕಬೇಕೆಂದು ಒತ್ತಿ, ತಪ್ಪಿತೆಂದು ಮತ್ತೆ ಒತ್ತಿದರೆ ಪರದೆಯೇ ಕಚೇರಿ ಲ್ಯಾಪ್‌ಟಾಪಿಗೆ ಹಾರುತ್ತಿತ್ತು. ಕೈಪಿಡಿಯಲ್ಲಿ ಹಾಟ್‌ಕೀ ಬದಲಿಸುವ ದಾರಿ ಇದ್ದರೆ ಬಲಗಡೆಯ ಕಂಟ್ರೋಲ್ ಕೀಗೆ ಬದಲಿಸಬಹುದು. ಇದರಲ್ಲಿ ಅದು ಇರಲಿಲ್ಲ. ಕೀಬೋರ್ಡನ್ನು ಬರೀ ಯುಎಸ್‌ಬಿ ಪೋರ್ಟಿಗೆ ಸರಿಸಿದೆವು. ಅಲ್ಲಿ ಸ್ವಿಚ್ ಕೀಗಳನ್ನು ಓದುವುದಿಲ್ಲ, ಹಾಗಾಗಿ ಸ್ಕ್ರಾಲ್ ಲಾಕ್ ನೇರ ನುಡಿಗೇ ತಲುಪುತ್ತದೆ. ಬದಲಿಸಿದಾಗಲೆಲ್ಲ ಕಂಪ್ಯೂಟರ್ ಕೀಬೋರ್ಡನ್ನು ಹೊಸದಾಗಿ ಗುರುತಿಸಲು ಎರಡು ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟು ಕಾಯಲು ಅವಳು ಒಪ್ಪಿದಳು. ಸ್ವಿಚ್ ಒತ್ತಲು ತಂತಿಯ ಗುಂಡಿಯನ್ನು ಮೇಜಿನ ಅಂಚಿನ ಕೆಳಗೆ, ಬಲಗೈ ಹೆಬ್ಬೆರಳಿಗೆ ಸಿಗುವಂತೆ ಅಂಟಿಸಿದೆವು.

ವೈರ್‌ಲೆಸ್ ಮೌಸ್ ತಡವರಿಸುತ್ತಿತ್ತು. ಅದರ ರಿಸೀವರ್ ನೀಲಿ ಯುಎಸ್‌ಬಿ 3.0 ಪೋರ್ಟಿನಲ್ಲಿತ್ತು. ಯುಎಸ್‌ಬಿ 3.0 ಓಡುವಾಗ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೂ ಹರಡುತ್ತದೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರವಾಗಿ ಬರೆದಿದೆ. ಮೌಸ್ ಮಾತಾಡುವುದೂ ಅದೇ ತರಂಗದಲ್ಲಿ. ಒಂದು ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ತಂತಿ ಹಾಕಿ ರಿಸೀವರನ್ನು ಮೌಸ್‌ಪ್ಯಾಡಿನ ಹತ್ತಿರ ತಂದ ಮೇಲೆ ಸರಿಹೋಯಿತು.

ಹೆಡ್‌ಸೆಟ್ಟನ್ನು ಸ್ವಿಚ್ಚಿಗೆ ಹಾಕಲೇ ಇಲ್ಲ. ಮೀಟಿಂಗ್ ನಡೆಯುವಾಗ ಆ ಕಡೆ ಒಂದು ಕಡತ ನೋಡಲು ಬದಲಿಸಿದರೆ ಮೈಕ್ ಕಳಚಿಬೀಳುತ್ತದೆ, ಹಿಂದಿರುಗಿದಾಗ ಲ್ಯಾಪ್‌ಟಾಪ್ ತನ್ನದೇ ಮೈಕಿಗೆ ಅಂಟಿಕೊಂಡಿರುತ್ತದೆ. ಹೆಡ್‌ಸೆಟ್, ವೆಬ್‌ಕ್ಯಾಮ್ ಎರಡೂ ಲ್ಯಾಪ್‌ಟಾಪಿಗೇ ಇರಲಿ. ಹೊರಗಿನ ಹಾರ್ಡ್ ಡಿಸ್ಕಂತೂ ಕೆವಿಎಂಗೆ ಬೇಡವೇ ಬೇಡ. ಗುಂಡಿ ಒತ್ತುವುದೂ ಬರೆಯುತ್ತಿರುವ ಡಿಸ್ಕನ್ನು ಕಿತ್ತೆಳೆಯುವುದೂ ಒಂದೇ, ತಿಂಗಳ ಕೆಲಸ ಹೋಗಿಬಿಡಬಹುದು. ಅಡಾಪ್ಟರ್ ಇಲ್ಲದೆ ಕಂಪ್ಯೂಟರಿನ ಯುಎಸ್‌ಬಿಯಿಂದಲೇ ವಿದ್ಯುತ್ ಎಳೆಯುವ ಸ್ವಿಚ್‌ಗಳಿಗೆ 2.0 ಪೋರ್ಟಿನಲ್ಲಿ ನಿಯಮದ ಪ್ರಕಾರ ಸಿಗುವುದು 500 ಮಿಲಿಆಂಪ್, 3.0ರಲ್ಲಿ 900. ದೀಪ ಹೊಳೆಯುವ ಕೀಬೋರ್ಡ್ ಒಂದೇ ಅದರಲ್ಲಿ ಒಳ್ಳೆಯ ಪಾಲು ತಿನ್ನುತ್ತದೆ. ಸಾಧನಗಳು ಬಂದು ಬಂದು ಹೋಗುತ್ತಿದ್ದರೆ ಅಡಾಪ್ಟರ್ ಚುಚ್ಚಿ ನೋಡಿ.

ಸಂಜೆ ಕೊನೆಯ ಪರೀಕ್ಷೆಗೆಂದು ಮೇಜಿನ ಮೇನ್ ಸ್ವಿಚ್ಚನ್ನೇ ಆರಿಸಿ ಮತ್ತೆ ಹಾಕಿದೆವು, ಕರೆಂಟ್ ಹೋಗಿಬಂದಂತೆ. ಕೆವಿಎಂ ಎದ್ದದ್ದು ಒಂದನೇ ಪೋರ್ಟಿನಲ್ಲಿ, ಹಿಂದೆ ಯಾವುದರಲ್ಲಿತ್ತು ಎಂಬ ನೆನಪು ಅದಕ್ಕಿಲ್ಲ. ಒಂದನೇ ಪೋರ್ಟಿನಲ್ಲಿದ್ದದ್ದು ಲ್ಯಾಪ್‌ಟಾಪ್. ಅದಕ್ಕೆ ಬ್ಯಾಟರಿ ಇದೆ, ತನ್ನದೇ ಪರದೆ, ತನ್ನದೇ ಕೀಬೋರ್ಡ್ ಇದೆ. ಏಳುವಾಗ ಪರದೆಯೂ ಕೀಬೋರ್ಡೂ ಬೇಕಾದದ್ದು ಡೆಸ್ಕ್‌ಟಾಪಿಗೆ. ಎರಡರ ಎಚ್‌ಡಿಎಂಐ, ಯುಎಸ್‌ಬಿ ತಂತಿಗಳನ್ನು ಜೋಡಿಯಾಗಿಯೇ ಅದಲುಬದಲು ಮಾಡಿ, ತುದಿಗಳಿಗೆ 1, 2 ಎಂದು ಬರೆದ ಚೀಟಿ ಅಂಟಿಸಿದೆವು. ಮತ್ತೊಮ್ಮೆ ಮೇನ್ ಆರಿಸಿ ಹಾಕಿದಾಗ ಡೆಸ್ಕ್‌ಟಾಪಿನ ಪಾಸ್‌ವರ್ಡ್ ಕೇಳುವ ಪರದೆ ತಾನಾಗಿ ಬಂತು, ಕೀಬೋರ್ಡಿನ ದೀಪವೂ ಹೊತ್ತಿತ್ತು.